ಸಹಾಯ ಬೇಕು: ಜಾವಾ ಪ್ರೋಗ್ರಾಂ ಹೆಸರು ಟೈಪ್ ಮಾಡಲು ಬಿಡದೆ ಮುಂದೆ ಓಡುತ್ತಿದೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಸಿಎ ಓದುತ್ತಿದ್ದೇನೆ, ಜಾವಾ ಈಗಷ್ಟೇ ಶುರು. ಅಭ್ಯಾಸಕ್ಕೆ ಅಂತ ಬೆಣ್ಣೆ ದೋಸೆ ಹೋಟೆಲಿನ ಬಿಲ್ ಪ್ರೋಗ್ರಾಂ ಬರೆಯುತ್ತಿದ್ದೇನೆ (ಈ ಊರಲ್ಲಿ ಬೇರೇನು ಹೊಳೆಯುತ್ತದೆ ಹೇಳಿ!).

ಎಷ್ಟು ದೋಸೆ ಅನ್ನೋದನ್ನು, ಟೈಪ್ ಮಾಡಿದ್ದನ್ನು ಓದುವ ಜಾವಾದ ಸ್ಕ್ಯಾನರ್‌ನ ನೆಕ್ಸ್ಟ್‌ಇಂಟ್‌ನಿಂದ ಓದುತ್ತೇನೆ. ಆಮೇಲೆ ಗಿರಾಕಿಯ ಹೆಸರಿಗೆ, ಇಡೀ ಸಾಲು ಓದುವ ನೆಕ್ಸ್ಟ್‌ಲೈನ್. 4 ಹೊಡೆದು ಎಂಟರ್ ಒತ್ತಿದರೆ 'ಹೆಸರು:' ಅಂತ ಬರುತ್ತದೆ, ಆದರೆ ಅಲ್ಲಿ ನಿಲ್ಲುವುದೇ ಇಲ್ಲ. ಸೀದಾ ಬಿಲ್ ಬಂದುಬಿಡುತ್ತದೆ, ಹೆಸರಿನ ಜಾಗ ಖಾಲಿ. ಎರರ್ ಏನೂ ಇಲ್ಲ.

ನೆಕ್ಸ್ಟ್‌ಇಂಟ್ ಬರೀ 4 ತೆಗೆದುಕೊಂಡು ಎಂಟರ್ ಅನ್ನು ಅಲ್ಲೇ ಬಿಡುತ್ತದೆ, ನೆಕ್ಸ್ಟ್‌ಲೈನ್ ಅದನ್ನೇ ಖಾಲಿ ಸಾಲು ಅಂತ ಓದುತ್ತದೆ. ಇಷ್ಟು ಗೊತ್ತಾಯಿತು. ನಡುವೆ ಸುಮ್ನೆ ಇನ್ನೊಂದು ನೆಕ್ಸ್ಟ್‌ಲೈನ್ ಹಾಕಿದರೆ ಸರಿಹೋಗುತ್ತದೆ. ಆದರೆ ಪ್ರತಿ ಸಲ ಹೀಗೆ ಮಾಡುವುದು ತೇಪೆ ಹಚ್ಚಿದ ಹಾಗೆ ಅಲ್ವಾ?

ಎಲ್ಲವನ್ನೂ ನೆಕ್ಸ್ಟ್‌ಲೈನ್‌ನಲ್ಲೇ ಓದಿ, ಪಾರ್ಸ್‌ಇಂಟ್‌ನಿಂದ ಸಂಖ್ಯೆ ಮಾಡಿಕೊಳ್ಳುವುದು ಒಳ್ಳೆಯದಾ? ಆಗ 4ರ ಹಿಂದೆ ಒಂದು ಸ್ಪೇಸ್ ಉಳಿದರೂ ನಂಬರ್‌ಫಾರ್ಮ್ಯಾಟ್ ಎಕ್ಸೆಪ್ಷನ್ (ಇದು ಸಂಖ್ಯೆಯಲ್ಲ ಅನ್ನೋ ಎರರ್) ಬರುತ್ತದೆ. ಅದಕ್ಕೆ ಅಕ್ಕಪಕ್ಕದ ಸ್ಪೇಸ್ ತೆಗೆಯುವ ಟ್ರಿಮ್ ಸಾಕು. ಆದರೆ ಯಾರಾದರೂ 'ನಾಲ್ಕು' ಅಂತ ಅಕ್ಷರದಲ್ಲಿ ಹೊಡೆದರೆ? ಎರರ್ ಹಿಡಿಯುವ ಟ್ರೈ-ಕ್ಯಾಚ್ ಹಾಕಿ ಮತ್ತೆ ಕೇಳಬೇಕಾ? ಅದಕ್ಕೆ ಲೂಪ್ ಹೇಗೆ ಬರೆಯೋದು? ಕೆಲಸದಲ್ಲಿರುವ ಅಣ್ಣಂದಿರು, ಅಕ್ಕಂದಿರು ಒಂದು ಚಿಕ್ಕ ಉದಾಹರಣೆ ಕೊಟ್ಟರೆ ತುಂಬಾ ಉಪಕಾರ.