ಪದಚರ್ಚೆ: ಹಾಡಿನ ವಿಡಿಯೊದಲ್ಲಿ ಮತ್ತೆ ಮತ್ತೆ ಬರುವ ಚಿತ್ರಕ್ಕೆ ಏನನ್ನೋಣ?

ಬಳಗದವರಿಗೆಲ್ಲ ಶರಣು.

ನಮ್ಮ ಬೀದರ್‌ನ ಹುಡುಗ ಹುಡುಗಿಯರು ಸೇರಿ ತಮ್ಮದೊಂದು ಪಾಪ್-ರಾಕ್ ಹಾಡಿಗೆ ವಿಡಿಯೊ ಮಾಡಿದ್ದಾರೆ. ಅದಕ್ಕೊಂದು ಕನ್ನಡ ಟಿಪ್ಪಣಿ ಬರೆದುಕೊಡಬೇಕಾಗಿದೆ. ವಿಡಿಯೊದಲ್ಲಿ ಕಥೆ ಅಂತ ಇಲ್ಲ, ಬಿದ್ರಿ ಕೆಲಸವೇ ಅದರ ಮೂಲ. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ವಿಡಿಯೊದಲ್ಲೂ ಚರಣದಿಂದ ಚರಣಕ್ಕೆ ಹಾಡುವವಳ ಸುತ್ತಲಿನ ಬಣ್ಣ ಆರುತ್ತಾ ಹೋಗುತ್ತದೆ, ಕೊರಳಲ್ಲಿನ ಬೆಳ್ಳಿ ಸರ ಮಾತ್ರ ಹೊಳೆಯುತ್ತದೆ. ಮೊದಲ ಸಲ ಅದು ಬರೀ ಒಡವೆ. ಎರಡನೇ ಸಲಕ್ಕೆ ಅಜ್ಜಿಯ ಹಳೆ ಫೋಟೊದಲ್ಲೂ ಅದೇ ಸರ ಕಾಣುತ್ತದೆ. ಕೊನೆಗೆ ಕತ್ತಲಲ್ಲಿ ಅದೊಂದು ಬಿಳಿ ಗೆರೆ, ಅಷ್ಟೇ. ನನಗೆ ಬಹಳ ಹಿಡಿಸಿತು.

‘ಕಾನ್ಸೆಪ್ಟ್’ಗೆ ತೊಡಕಿಲ್ಲ. ‘ಪರಿಕಲ್ಪನೆ ಮತ್ತು ನಿರ್ದೇಶನ’ ಅಂತ ತೆರೆಯ ಮೇಲೆ ಓದಿ ರೂಢಿಯಾಗಿದೆ. ‘ಥೀಮ್ ಏನದರಿ?’ ಅಂತ ಕೇಳಿದವರಿಗೆ ‘ವಸ್ತು’ ಸಾಕು: ಇಲ್ಲಿ ಅದು ಅಗಲಿಕೆ. ತೊಡಕು ಇರುವುದು ಆ ಸರಕ್ಕೆ. ಹೀಗೆ ಮತ್ತೆ ಮತ್ತೆ ಬರುವ ಅಂಶಕ್ಕೆ ಇಂಗ್ಲಿಷಿನಲ್ಲಿ ‘ಮೋಟಿಫ್’ ಅನ್ನುತ್ತಾರೆ, ಜಾನಪದದ ವಿದ್ವಾಂಸರು ಅದಕ್ಕೆ ‘ಆಶಯ’ ಎನ್ನುತ್ತಾರೆ. ಆದರೆ ಸಭೆಗಳಲ್ಲಿ ‘ಆಶಯ ನುಡಿ’ ಕೇಳಿದ ಕಿವಿಗೆ ಅದು ಇಂಗಿತವೆಂದೇ ಬೀಳುತ್ತದೆ. ‘ಪ್ರತಿಮೆ’ ವಿಮರ್ಶೆಯಲ್ಲಿ ಚೆನ್ನ, ಇಲ್ಲಿ ಹೇಳಿದರೆ ಜನ ಸರ್ಕಲ್ಲಿನ ಮೂರ್ತಿ ಅಂದುಕೊಳ್ಳುತ್ತಾರೆ. ‘ಸಂಕೇತ’ ಅಂದರೆ ಒಂದಕ್ಕೆ ಒಂದೇ ಅರ್ಥ ಕಟ್ಟಿಟ್ಟಂತೆ. ಈ ಸರದ ಅರ್ಥವೋ ಬೆಳೆಯುತ್ತಲೇ ಇರುತ್ತದೆ.

ಇನ್ನೊಂದು ಉದಾಹರಣೆ, ನಾರ್ವೆಯ ಅ-ಹಾ ತಂಡದ ‘ಟೇಕ್ ಆನ್ ಮಿ’, 1985ರ ವಿಡಿಯೊ. ನಟರನ್ನು ಚಿತ್ರೀಕರಿಸಿ, ಆ ಒಂದೊಂದು ಫ್ರೇಮಿನ ಮೇಲೂ ಪೆನ್ಸಿಲಿನಲ್ಲಿ ಬರೆದದ್ದು, ರೋಟೋಸ್ಕೋಪಿಂಗ್ ಅನ್ನುತ್ತಾರೆ. ಕಾಮಿಕ್ಸ್ ಪುಟದಿಂದ ಕೈಯೊಂದು ಹೊರಗೆ ಚಾಚಿ ಹುಡುಗಿಯನ್ನು ಒಳಗೆ ಕರೆಯುತ್ತದೆ. ಯಾರು ಯಾವ ಲೋಕದಲ್ಲಿದ್ದಾರೆ ಅನ್ನುವುದನ್ನು ಅಲ್ಲಿ ಪೆನ್ಸಿಲ್ ಗೆರೆಯೇ ಹೇಳುತ್ತದೆ. ಆ ಗೆರೆಗೂ ಈ ಸರಕ್ಕೂ ಒಪ್ಪುವಂಥ ಪದ ಬೇಕು.

ನನಗೆ ಹೊಳೆದದ್ದು ‘ದೃಶ್ಯಪಲ್ಲವಿ’. ನಮ್ಮ ಕಡೆ ಭಜನೆಯಲ್ಲಿ ತತ್ವಪದ ಹೇಳುವಾಗ ಪ್ರತಿ ನುಡಿಯ ನಂತರ ಪಲ್ಲವಿಗೆ ಮರಳುತ್ತಾರೆ. ಮಾತು ಅದೇ, ಆದರೆ ಹಿಂದಿನ ನುಡಿಯ ಭಾರ ಹೊತ್ತು ಬೇರೆಯಾಗಿ ಕೇಳಿಸುತ್ತದೆ. ಒಂದೇ ಅನುಮಾನ: ಹಾಡಿಗೆ ತನ್ನದೇ ಪಲ್ಲವಿ ಇರುವಾಗ, ಸರ ಚರಣದ ನಡುವೆ ಕಾಣಿಸಿದರೆ ಓದುವವರಿಗೆ ಗೊಂದಲವಾದೀತೆ? ಈ ಪದವನ್ನು ಯಾರಾದರೂ ಈಗಾಗಲೇ ಬೇರೆ ಅರ್ಥದಲ್ಲಿ ಬಳಸಿದ್ದಾರೆಯೇ? ಬಲ್ಲವರು ತಿಳಿಸಿರಿ.