ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಕೆಟ್ಟಿದೆಯಾ ಅಂತ ನಾವೇ ನೋಡುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ತೆಂಗಿನ ತೋಟ, ತಿಪಟೂರು ಕಡೆ):
ಡ್ರಿಪ್‌ಗೆ ಟೈಮರ್ ಹಾಕಿಸಿದ್ದೇನೆ. ನಾಲ್ಕು ವಾಲ್ವ್, ಎಲ್ಲವೂ 24 ವೋಲ್ಟ್ ಎ.ಸಿ. ಮೂರನೆಯದು ತೆರೆಯುತ್ತಿಲ್ಲ. ಅಂಗಡಿಯವರು ಹೊಸದು ಹಾಕಿ ಅಂತಾರೆ. ಅದಕ್ಕೆ ಮೊದಲು ಪರೀಕ್ಷೆ ಮಾಡುವ ದಾರಿ ಇದೆಯಾ?

ಅಡಿಕೆ ಬೆಳೆಗಾರ, ಚನ್ನಗಿರಿ:
ಖಂಡಿತ ಇದೆ ಅಣ್ಣಾ. ಮೊದಲು ತೊಂದರೆ ನೀರಿನದ್ದೋ ಕರೆಂಟಿನದ್ದೋ ಅಂತ ಬೇರೆ ಮಾಡಿಕೊಳ್ಳಿ. ಮೋಟಾರ್ ಓಡುವಾಗ ವಾಲ್ವ್ ಮೇಲಿನ ಕಾಯಿಲನ್ನು (ಎರಡು ವೈರ್ ಬರುವ, ಒಳಗೆ ತಂತಿ ಸುತ್ತಿದ ಭಾಗ) ಎಡಕ್ಕೆ ಕಾಲು ಸುತ್ತು ತಿರುಗಿಸಿ. ಪೂರ್ತಿ ಬಿಚ್ಚಬೇಡಿ, ಒಳಗಿನ ಸ್ಪ್ರಿಂಗ್ ಹಾರಿ ಹೋಗುತ್ತದೆ. ಸಾಲಿಗೆ ನೀರು ಬಂತು ಅಂದರೆ ಪೈಪು, ಡಯಾಫ್ರಮ್ (ವಾಲ್ವಿನೊಳಗೆ ನೀರು ತಡೆಯುವ ರಬ್ಬರ್ ಪದರ) ಸರಿಯಿವೆ, ಕಾಯಿಲ್ ಅಥವಾ ವೈರ್ ನೋಡಬೇಕು. ಬರಲಿಲ್ಲವಾ, ಹಿಂದಿನ ಗೇಟ್ ವಾಲ್ವ್ ಮುಚ್ಚಿದೆಯಾ, ಫಿಲ್ಟರ್ ಕಟ್ಟಿದೆಯಾ ನೋಡಿ. ಈ ಪರೀಕ್ಷೆ ಮಾಡುವಾಗ ಇನ್ನೊಂದು ಸಾಲು ತೆರೆದಿರಲಿ. ಎಲ್ಲಾ ಮುಚ್ಚಿ ಮೋಟಾರ್ ಓಡಿಸಿದರೆ ಪೈಪಿಗೆ ಪೆಟ್ಟು.

ಮೋಟಾರ್ ರಿಪೇರಿ ಮಾಡುವವನು, ಹಾಸನ:
ಮೇಲಿನವರು ಹೇಳಿದ್ದು ಸರಿ. ಮುಂದಿನದು ಮಲ್ಟಿಮೀಟರ್ ಕೆಲಸ. ಟೈಮರ್ ಆಫ್ ಮಾಡಿ, ವಾಲ್ವಿನ ಎರಡೂ ವೈರ್ ಬಿಡಿಸಿ, ಮೀಟರನ್ನು ಓಮ್ಸ್‌ನಲ್ಲಿಟ್ಟು (ರೆಸಿಸ್ಟೆನ್ಸ್ ಅಳತೆ) ಆ ಎರಡು ವೈರ್ ನಡುವೆ ನೋಡಿ. 24 ವೋಲ್ಟ್ ಎ.ಸಿ. ಕಾಯಿಲ್ ಸಾಮಾನ್ಯವಾಗಿ 20ರಿಂದ 60 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಅನುಮಾನ ಇದ್ದರೆ ಚೆನ್ನಾಗಿ ಓಡುವ ಪಕ್ಕದ ವಾಲ್ವಿನ ರೀಡಿಂಗ್ ಜೊತೆ ಹೋಲಿಸಿ, ಅದಕ್ಕಿಂತ ಒಳ್ಳೆ ಲೆಕ್ಕ ಇಲ್ಲ.

ಬಳಿಕ ವಾಲ್ವಿನ ವೈರ್ ಮತ್ತೆ ಸೇರಿಸಿ, ಅದೇ ಅಳತೆಯನ್ನು ಟೈಮರ್ ಬಾಕ್ಸಿನ ಕಡೆಯಿಂದಲೂ ಮಾಡಿ. ವಾಲ್ವಿನ ಹತ್ತಿರ ಸರಿಯಿದ್ದು ಬಾಕ್ಸಿನಲ್ಲಿ ಏನೂ ಬಾರದಿದ್ದರೆ ನಡುವೆ ವೈರ್ ಹೋಗಿದೆ. ಜಾಸ್ತಿ ಕಡೆ ತಪ್ಪಿರುವುದು ಇಲ್ಲೇ, ಸುಮ್ನೆ ವಾಲ್ವ್ ಬದಲಿಸುತ್ತಾರೆ.

ಒಂದು ಎಚ್ಚರಿಕೆ. ಎ.ಸಿ. ಕಾಯಿಲನ್ನು ವಾಲ್ವಿನಿಂದ ಹೊರಗೆ ತೆಗೆದು ಕರೆಂಟ್ ಕೊಡಬೇಡಿ. ಒಳಗೆ ಕಬ್ಬಿಣದ ಪ್ಲಂಜರ್ ಇಲ್ಲದಿದ್ದರೆ ಕಾಯಿಲ್ ಹೆಚ್ಚು ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಕೂರಿಸಿದ ಹಾಗೇ ಆನ್ ಮಾಡಿ 'ಟಕ್' ಶಬ್ದ ಕೇಳಿ.

ಪ್ರಶ್ನೆ ಕೇಳಿದವರು:
ಕೈಯಲ್ಲಿ ತಿರುಗಿಸಿದರೆ ನೀರು ಬಂತು. ವಾಲ್ವಿನ ಹತ್ತಿರ 38 ಓಮ್, ಬಾಕ್ಸಿನಲ್ಲಿ ಏನೂ ಇಲ್ಲ. ಗುಂಡಿಯಲ್ಲಿ ಟೇಪ್ ಸುತ್ತಿದ್ದ ಜಾಯಿಂಟ್ ಬಿಚ್ಚಿದರೆ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಹೊಸದಾಗಿ ಸೇರಿಸಿದೆ, ಈಗ ತೆರೆಯುತ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಮೋಟಾರ್ ರಿಪೇರಿ ಮಾಡುವವನು, ಹಾಸನ:
ಖುಷಿಯಾಯ್ತು. ಬರೀ ಟೇಪ್ ಬೇಡ, ಜೆಲ್ ತುಂಬಿದ ಕನೆಕ್ಟರ್ ಹಾಕಿ. ಗುಂಡಿಯಲ್ಲಿ ನೀರು ನಿಲ್ಲುತ್ತೆ ಅಲ್ವಾ.

ದಾಳಿಂಬೆ ಬೆಳೆಗಾರ, ಹಿರಿಯೂರು:
ನಮ್ಮದು ಉಲ್ಟಾ ತೊಂದರೆ, ವಾಲ್ವ್ ಮುಚ್ಚುತ್ತಿರಲಿಲ್ಲ. ಹಾಗಾದರೆ ಟೈಮರ್ ಆಫ್ ಮಾಡಿ ನೋಡಿ. ಆಗಲೂ ನೀರು ಹರಿದರೆ ಕಾಯಿಲನ್ನು ದೂರಬೇಡಿ. ಮುಚ್ಚಳ ಬಿಚ್ಚಿ ಡಯಾಫ್ರಮ್ ಹರಿದಿದೆಯಾ, ಸಣ್ಣ ರಂಧ್ರದಲ್ಲಿ ಮರಳು ಸಿಕ್ಕಿದೆಯಾ ನೋಡಿ. ಬೋರ್ ನೀರಿನಲ್ಲಿ ಮರಳು ಬರುವವರಿಗೆ ಇದು ಮಾಮೂಲು. ವಾಲ್ವ್ ಮೇಲಿನ ಬಾಣದ ಗುರುತು ನೀರು ಹೋಗುವ ಕಡೆಗೇ ಇರಬೇಕು. ಇನ್ನು ಬ್ಯಾಟರಿ ಟೈಮರಿನ ಲ್ಯಾಚಿಂಗ್ ಕಾಯಿಲ್ (ಕ್ಷಣ ಕರೆಂಟ್ ಕೊಟ್ಟರೆ ಸಾಕು, ಹಾಗೇ ನಿಲ್ಲುವಂಥದ್ದು) ಕೆಲವೇ ಓಮ್ ತೋರಿಸಬಹುದು, ಅದು ಶಾರ್ಟ್ ಅಲ್ಲ. ಅದರಲ್ಲಿ ಕೆಂಪು-ಕಪ್ಪು ವೈರ್ ಅದಲು ಬದಲಾದರೆ ತೆರೆಯಬೇಕಾದಾಗ ಮುಚ್ಚುತ್ತದೆ.