ಕಾಕಾನ ಟ್ರಂಕಿನಲ್ಲಿ ಶೋಲಾವರಂ ರೇಸಿನ ಸಾಮಾನು ಸಿಕ್ಕಿದೆ, ಹೇಗೆ ಕಾಪಾಡಲಿ?

ಗ್ಯಾರೇಜ್ ಮನೆ ಮಗಳು, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಹೋದ ತಿಂಗಳು ತೀರಿಕೊಂಡರು. ಬ್ರಹ್ಮಪುರದಲ್ಲಿ ಅವರ ಗ್ಯಾರೇಜ್ ಇತ್ತು. ಹಿಂದಿನ ಪತ್ರಾಸಿನ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಮೊನ್ನೆ ಬೀಗ ತೆಗೆದರೆ ಎರಡು ಟ್ರಂಕು. ವಯಸ್ಸಿನಲ್ಲಿ ಮದ್ರಾಸಿಗೆ ಹೋಗಿ ದುಡಿದಿದ್ದರು ಅಂತ ಗೊತ್ತಿತ್ತು. ರೇಸ್ ಮೋಟಾರ್ ಸೈಕಲ್‌ಗಳ ಮೆಕ್ಯಾನಿಕ್ ಆಗಿದ್ದರು ಅಂತ ಒಂದು ಮಾತೂ ಹೇಳಿರಲಿಲ್ಲ.

ಮದ್ರಾಸ್ ಹತ್ತಿರದ ಶೋಲಾವರಂ ರೇಸಿನ ಪುಸ್ತಿಕೆಗಳಿವೆ. ದಾರ ಕಟ್ಟಿದ ಪಾಸುಗಳು, ಚರ್ಮದ ಹೆಲ್ಮೆಟ್, ಒಂದು ಸ್ಟಾಪ್‌ವಾಚ್, ಫೋಟೋಗಳು. ನೆಗೆಟಿವ್ ಡಬ್ಬಿ ತೆಗೆದರೆ ಹುಳಿ ವಾಸನೆ ಬರುತ್ತದೆ. ಬಿದ್ರಿ ಹೂಜಿಯೊಂದಿದೆ, ಬಹುಮಾನದ್ದಿರಬೇಕು. ಆಮೇಲೆ ಹಳೇ ಸ್ಪಾರ್ಕ್ ಪ್ಲಗ್‌ಗಳು, ಮೂವತ್ತರ ಮೇಲಿವೆ. ಒಂದೊಂದಕ್ಕೂ ಚೀಟಿ ಕಟ್ಟಿದ್ದಾರೆ, ಚೀಟಿಯಲ್ಲಿ ಏನೋ ಗೀಚಿದ್ದಾರೆ. ಒಂದು ನೋಟ್‌ಬುಕ್ಕೂ ಇದೆ. ಅದು ಉರ್ದುವಿನಲ್ಲಿದೆ, ನನಗೆ ಓದಲು ಬರುವುದಿಲ್ಲ. ಒಂದು ಪುಟದ ಫೋಟೋ ಹಾಕಿದ್ದೇನೆ.

ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿ ಹೋದ. ಕೊಡುವುದಿಲ್ಲ ಅಂದೆ. ತಮ್ಮ ಹೂಜಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು ಅನ್ನುತ್ತಿದ್ದಾನೆ. ಯಾವುದರಿಂದ ಶುರು ಮಾಡಲಿ?

ಬಿದ್ರಿ ಮನೆಯವ, ಬೀದರ್:
ಅಕ್ಕಾ, ಮೊದಲು ಹುಣಸೆಹಣ್ಣು ದೂರ ಇಡಿಸಿ! ಬಿದ್ರಿ ಅಂದರೆ ಸತು, ಜೊತೆಗೆ ಸ್ವಲ್ಪ ತಾಮ್ರ. ಆ ಕಪ್ಪು ಬಣ್ಣ ಕೊಳೆಯಲ್ಲ. ನಮ್ಮ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಬರಿಸಿದ ಬಣ್ಣ. ಹುಳಿ ತಾಗಿದರೆ ಕಪ್ಪು ಬಿಟ್ಟುಹೋಗುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಸಾಕು. ಬೆಳ್ಳಿ ಕೆಲಸ ತಾನೇ ಎದ್ದು ಕಾಣುತ್ತದೆ.

ನಿವೃತ್ತ ಉರ್ದು ಮಾಸ್ತರ್, ಕಲಬುರಗಿ:
ಮಗಳೇ, ನೀನು ಹಾಕಿದ ಪುಟ ಎರಡು ಸಲ ಓದಿದೆ. ಅಕ್ಷರ ಉರ್ದು, ಮಾತು ಮಾತ್ರ ಕನ್ನಡ! 1948ರವರೆಗೆ ನಮ್ಮ ಕಡೆ ನಿಜಾಮರ ಆಡಳಿತ ಇತ್ತಲ್ಲ, ಶಾಲೆಯೂ ಉರ್ದುವಿನಲ್ಲೇ. ನಿಮ್ಮ ಕಾಕಾ ಎರಡು ಮೂರು ಇಯತ್ತೆ ಓದಿ ಬಿಟ್ಟಿರಬೇಕು. ಕೈಗೆ ಬಂದ ಅಕ್ಷರದಲ್ಲಿ ಮನೆಮಾತು ಬರೆದಿದ್ದಾರೆ. ಹೀಗಿದೆ: "ಮುಂಜಾನೆ ಹವಾ ತಣ್ಣಗ, ದೊಡ್ಡ ಜೆಟ್. ಮಧ್ಯಾಹ್ನ ಬಿಸಿಲು, ಸಣ್ಣದು ಹಾಕಿದೆ. ಪ್ಲಗ್ 14 ನೋಡು." ಚೀಟಿಯಲ್ಲಿರುವುದು ಗೀಚಿದ್ದಲ್ಲ ಮಗಳೇ, ಉರ್ದು ಅಂಕಿ ಇರಬೇಕು.

ಟೂ ಸ್ಟ್ರೋಕ್ ಮೇಸ್ತ್ರಿ, ಯಾದಗಿರಿ:
ಮಾಸ್ತರ್ ಓದಿದ್ದು ನೋಡಿ ಮೈ ಜುಮ್ ಅಂತು. ತಂಗಿ, ಪ್ಲಗ್‌ಗಳಿಗೆ ಬ್ರಶ್ ಹಾಕಬೇಡಮ್ಮ, ಪೆಟ್ರೋಲಿನಲ್ಲಿ ತೊಳೆಯಬೇಡ. ಆ ಬಣ್ಣವೇ ಅವರ ಲೆಕ್ಕ. ಜೆಟ್ ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ಸಣ್ಣ ಬಿಡಿಭಾಗ. ಗಾಡಿಯನ್ನು ಪೂರ್ತಿ ವೇಗದಲ್ಲಿ ಓಡಿಸಿ, ಅಲ್ಲೇ ಇಂಜಿನ್ ಬಂದ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸುತ್ತೇವೆ. ಪ್ಲಗ್ ಬಿಚ್ಚಿ ನೋಡುತ್ತೇವೆ. ತುದಿ ಬಿಸ್ಕಿಟ್ ಬಣ್ಣ ಇದ್ದರೆ ಜೆಟ್ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಕಡಿಮೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ತಣ್ಣನೆ ಗಾಳಿ ದಟ್ಟ ಇರುತ್ತದೆ, ಪೆಟ್ರೋಲೂ ಜಾಸ್ತಿ ಬೇಕು, ಅದಕ್ಕೇ ಮುಂಜಾನೆ ದೊಡ್ಡ ಜೆಟ್. ಚೀಟಿ, ಪ್ಲಗ್, ನೋಟ್‌ಬುಕ್ ಮೂರನ್ನೂ ಬೇರೆ ಮಾಡಬೇಡ.

ಶೋಲಾವರಂ ಯುದ್ಧಕಾಲದ ವಿಮಾನದ ರನ್‌ವೇ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. 1990ರಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕ್ ಇರುಂಗಾಟ್ಟುಕೋಟೈಯಲ್ಲಿ ಬಂತು. ಫೋಟೋದಲ್ಲಿ ಟ್ಯಾಂಕ್ ಮೇಲಿನ ಹೆಸರು ನೋಡು. ಮೈಸೂರಿನ ಫ್ಯಾಕ್ಟರಿ 1961ರಿಂದ ಜಾವಾ ಮಾಡಿತು, 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಫೋಟೋ ಯಾವ ಕಾಲದ್ದು ಅಂತ ಸುಮಾರಾಗಿ ತಿಳಿಯುತ್ತದೆ.

ಸ್ಟುಡಿಯೋ ತಮ್ಮ, ಶಹಾಬಾದ್:
ಹುಳಿ ವಾಸನೆ ಅಂದರೆ ಫಿಲ್ಮ್ ಕೆಡಲು ಶುರುವಾಗಿದೆ ಅಕ್ಕಾ. ಆ ಡಬ್ಬಿಯನ್ನು ಬೇರೆ ನೆಗೆಟಿವ್‌ಗಳಿಂದ ಇವತ್ತೇ ದೂರ ಇಡಿ. ಕೆಡುವಾಗ ಬಿಡುವ ಆವಿ ಪಕ್ಕದ್ದನ್ನೂ ಕೆಡಿಸುತ್ತದೆ. ಶಾಖಕ್ಕೆ ಇನ್ನೂ ಬೇಗ ಹಾಳಾಗುತ್ತದೆ, ನಮ್ಮ ಬೇಸಿಗೆಗೆ ಪತ್ರಾಸಿನ ಕೋಣೆ ಅಂದರೆ ಒಲೆಯೇ. ಒಳಗಿನ ತಂಪು ಕೋಣೆಗೆ ತನ್ನಿ, ಎಲ್ಲಕ್ಕಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಫೋಟೋ ಹಿಂದೆ ಬರೆಯುವುದಿದ್ದರೆ ಪೆನ್ಸಿಲ್ ಬಳಸಿ, ಪೆನ್ನು ಬೇಡ.

ಗ್ಯಾರೇಜ್ ಮನೆ ಮಗಳು, ಕಲಬುರಗಿ:
ಎಲ್ಲರಿಗೂ ಶರಣು. ಹೂಜಿ ಉಳಿಯಿತು, ತಮ್ಮನೇ ಕೂತು ಎಣ್ಣೆ ಹಚ್ಚಿ ಒರೆಸಿದ. ನೆಗೆಟಿವ್ ದೇವರ ಕೋಣೆಯ ಪಕ್ಕ ಇಟ್ಟಿದ್ದೇವೆ, ಮನೆಯಲ್ಲಿ ಅದೇ ತಂಪು ಜಾಗ. ರಾತ್ರಿ ಉರ್ದು ಅಂಕಿ ಕಲಿತು ಚೀಟಿಗಳನ್ನು ಸಾಲಾಗಿ ಜೋಡಿಸಿದೆ. 14 ಸಿಕ್ಕಿತು. ತುದಿ ಸುಣ್ಣದ ಹಾಗೆ ಬೆಳ್ಳಗಿದೆ ಮೇಸ್ತ್ರಿ ಅಣ್ಣಾ! ಕಾಕಾ ಹಾಕಿದ ಜೆಟ್ ತೀರಾ ಸಣ್ಣದಾಗಿತ್ತು, ಅಲ್ವಾ? ಮುಂದಿನ ಪುಟದ ಫೋಟೋ ಈಗ ಹಾಕಿದ್ದೇನೆ. ಮಾಸ್ತರ್ರೇ, ಅದರಲ್ಲಿ 15ರ ಬಗ್ಗೆ ಏನು ಬರೆದಿದ್ದಾರೆ ನೋಡಿ ಹೇಳಿ. ಪ್ಲಗ್ 15 ಬಿಸ್ಕಿಟ್ ಬಣ್ಣಕ್ಕಿದೆ.